ಭಾರ ಹೊತ್ತ ಗೋಡೆ ತೆಗೆಸುವಾಗ ಸದ್ದು ಹಿಡಿತದಲ್ಲಿಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ, ಮೂವತ್ತು ನಲವತ್ತರ ಸೈಟಿನ ಮನೆಗಳಲ್ಲಿ, ಈಗ ಎಲ್ಲರಿಗೂ ಒಂದೇ ಆಸೆ: ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆ ತೆಗೆದು ಒಂದು ಮಾಡಬೇಕು. ಆ ಗೋಡೆ ಮೇಲಿನ ಮಹಡಿಯನ್ನು ಹೊತ್ತಿರುತ್ತದೆ. ಮಹಡಿಯಲ್ಲಿ ಬಾಡಿಗೆಯವರು, ಮೂರಡಿ ಆಚೆಗೆ ಪಕ್ಕದ ಮನೆಯ ಮಲಗುವ ಕೋಣೆ. ಕೆಲಸ ಶುರುವಾದ ದಿನವೇ ಗೇಟಿನ ಹತ್ತಿರ ಮಾತಿಗೆ ಮಾತು ಬೆಳೆಯುತ್ತದೆ. ಇಂಥ ಕೆಲಸ ಒಪ್ಪಿಕೊಂಡಾಗಲೆಲ್ಲ ನಮಗೆ ಎದುರಾಗುವ ಪ್ರಶ್ನೆಗಳಿವು. ಗೋಡೆ ತೆಗೆಯಬಹುದೋ ಇಲ್ಲವೋ ಎಂದು ಹೇಳಬೇಕಾದವರು ಮನೆಗೆ ಬಂದು ನೋಡಿದ ಸ್ಟ್ರಕ್ಚರಲ್ ಎಂಜಿನಿಯರ್ ಮಾತ್ರ. ಇಲ್ಲಿರುವುದು ಅವರು ‘ಆಗಬಹುದು’ ಎಂದ ಮೇಲಿನ ಮಾತು.

ಪ್ರ: ಯಾವ ಗೋಡೆ ತೆಗೆದರೂ ಸದ್ದು ಆಗೇ ಆಗುತ್ತದೆ. ಭಾರ ಹೊತ್ತ ಗೋಡೆಯದ್ದು ಏನು ವಿಶೇಷ?

ಎರಡು ವಿಷಯ. ಒಂದು, ಅದು ದಪ್ಪ. ಕೋಣೆ ಬೇರೆ ಮಾಡಲು ಮಾತ್ರ ಕಟ್ಟಿದ ಗೋಡೆ ನಾಲ್ಕೂವರೆ ಇಂಚು, ಭಾರ ಹೊರುವುದು ಸಾಮಾನ್ಯವಾಗಿ ಒಂಬತ್ತು ಇಂಚು. ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ತೂಕ ಹತ್ತಿರಹತ್ತಿರ 4 ಟನ್. ಅಷ್ಟನ್ನೂ ಚೂರು ಮಾಡಿ ಬಾಂಡ್ಲಿಯಲ್ಲಿ ಹೊರಗೆ ಹೊರಬೇಕು.

ಎರಡನೆಯದೇ ಮುಖ್ಯ. ಆ ಗೋಡೆ ಮೇಲಿನ ತಾರಸಿಗೆ, ಕೆಳಗಿನ ಪಾಯಕ್ಕೆ, ಅಕ್ಕಪಕ್ಕದ ಗೋಡೆಗಳಿಗೆ ಬಿಗಿಯಾಗಿ ಸೇರಿಕೊಂಡಿರುತ್ತದೆ. ಅದಕ್ಕೆ ಕೊಟ್ಟ ಪೆಟ್ಟು ಇಡೀ ಮನೆಗೆ ಕೊಟ್ಟ ಪೆಟ್ಟು. ಪಕ್ಕದವರ ನಿದ್ದೆ ಕೆಡಿಸುವ ಅದೇ ಅದುರು ನಿಮ್ಮ ಮನೆಯ ಬೇರೆ ಗೋಡೆಗಳ ಗಾರೆಯನ್ನೂ ಸಡಿಲ ಮಾಡುತ್ತದೆ. ಹಾಗಾಗಿ ಸದ್ದು ಕಡಿಮೆ ಮಾಡಿ ಎಂದು ನಾವು ಮೇಸ್ತ್ರಿಗೆ ಹೇಳುವುದು ನೆರೆಯವರ ಮುಲಾಜಿಗೆ ಮಾತ್ರವಲ್ಲ.

ಪ್ರ: ನಮ್ಮದು ಅಪಾರ್ಟ್‌ಮೆಂಟ್. ನಮಗೂ ಇದು ಅನ್ವಯಿಸುತ್ತದೆಯೇ?

ಪಿಲ್ಲರ್, ಬೀಮ್ ಇರುವ ಕಟ್ಟಡವಾದರೆ ನಡುವಿನ ಬ್ಲಾಕ್ ಗೋಡೆಗಳು ಬಹುಪಾಲು ಭಾರ ಹೊತ್ತಿರುವುದಿಲ್ಲ. ಆದರೂ ನಕ್ಷೆ ನೋಡದೆ ಮುಟ್ಟಬೇಡಿ. ಇತ್ತೀಚಿನ ಎತ್ತರದ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದಿರುತ್ತಾರೆ, ಜನ ‘ಮೈವಾನ್’ ಎನ್ನುವುದು ಇದನ್ನೇ. ಅಲ್ಲಿ ಗೋಡೆಯೇ ಪಿಲ್ಲರ್. ತೆಗೆಯುವ ಯೋಚನೆ ಬಿಟ್ಟುಬಿಡಿ. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಉಳಿದೆಲ್ಲ ಮಾಲೀಕರ ಒಮ್ಮತದ ಒಪ್ಪಿಗೆಯಿಲ್ಲದೆ ಮಾಡಕೂಡದೆಂದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೂ ಹೇಳುತ್ತದೆ.

ಪ್ರ: ನಾವು ಒಡೆಯುವುದು ನೆಲಮಹಡಿಯಲ್ಲಿ. ಎರಡನೇ ಮಹಡಿಯವರು ‘ನಮ್ಮ ಕೋಣೆಯಲ್ಲೇ ಒಡೆದ ಹಾಗೆ ಕೇಳುತ್ತೆ’ ಅನ್ನುತ್ತಾರೆ. ಸುಳ್ಳೇ?

ನಿಜ ಹೇಳುತ್ತಿದ್ದಾರೆ. ಸದ್ದು ಎರಡು ದಾರಿಯಲ್ಲಿ ಹೋಗುತ್ತದೆ. ಗಾಳಿಯಲ್ಲಿ ಹೋಗುವುದು ಒಂದು: ಗೋಡೆ ಕೊಯ್ಯುವ ಕಟ್ಟರ್ ಕಿರುಚುವುದು, ಕೆಲಸದವರು ಕೂಗುವುದು. ಇದಕ್ಕೆ ಬಾಗಿಲು ಕಿಟಕಿ ಅಡ್ಡ ಬರುತ್ತವೆ, ದೂರ ಹೋದಂತೆ ಬೇಗ ಕುಗ್ಗುತ್ತದೆ. ಬಯಲಿನಲ್ಲಾದರೆ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾನ) ಇಳಿಯುತ್ತದೆ. ಕಟ್ಟಡದ ಮೈಯೊಳಗೆ ಹೋಗುವುದು ಇನ್ನೊಂದು. ಬ್ರೇಕರಿನ (ಬಡಿದು ಬಡಿದು ಒಡೆಯುವ ಯಂತ್ರ) ಮೊನೆ ಗೋಡೆಗೆ ಬಡಿದಾಗ ಆ ಅದುರು ಇಟ್ಟಿಗೆ, ತಾರಸಿ, ಪಿಲ್ಲರ್ ಹಿಡಿದು ಸಾಗಿ, ಮೇಲಿನ ಮನೆಯ ಗೋಡೆಯನ್ನೇ ಡೋಲಿನ ಚರ್ಮದಂತೆ ಕಂಪಿಸುವಂತೆ ಮಾಡುತ್ತದೆ. ಅಲ್ಲಿ ಅವರ ಕೋಣೆಯೊಳಗೇ ಸದ್ದು ಹುಟ್ಟುತ್ತದೆ. ಅವರು ಕಿಟಕಿ ಮುಚ್ಚಿಕೊಂಡು ಏನೂ ಪ್ರಯೋಜನವಿಲ್ಲ.

ಈ ವ್ಯತ್ಯಾಸ ಒಂದು ತಲೆಗೆ ಹೋದರೆ ಮುಂದಿನ ಉತ್ತರಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

ಪ್ರ: ಹಾಗಾದರೆ ಹಾಸಿಗೆ, ದಪ್ಪ ಪರದೆ, ಥರ್ಮಾಕೋಲ್ ಅಡ್ಡ ಕಟ್ಟಿದರೆ?

ಥರ್ಮಾಕೋಲ್ ಸದ್ದು ತಡೆಯುವುದಿಲ್ಲ. ತಡೆಯುವುದು ತೂಕ: ಅಡ್ಡವಿಟ್ಟ ಹಲಗೆಯ ತೂಕ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಹೆಚ್ಚು ತಡೆ ಸಿಗುತ್ತದೆ. ಥರ್ಮಾಕೋಲಿಗೆ ತೂಕವೆಲ್ಲಿದೆ? ಹಳೇ ಹಾಸಿಗೆ, ಜಮಖಾನೆಗಳಿಂದ ಕೆಲಸದ ಕೋಣೆಯೊಳಗಿನ ಮಾರ್ದನಿ ಒಂದಿಷ್ಟು ಇಳಿಯುತ್ತದೆ, ಧೂಳೂ ನಿಲ್ಲುತ್ತದೆ, ಅಷ್ಟೇ.

ಅದಕ್ಕಿಂತ ಸಂದಿ ಮುಚ್ಚಿ. ಅಡ್ಡಗೋಡೆ ಎಷ್ಟೇ ಗಟ್ಟಿಯಿರಲಿ, ಅದರ ನೂರರಲ್ಲೊಂದು ಭಾಗ ತೆರೆದಿದ್ದರೆ 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾಗದು. ಹಳೇ ಮನೆಗಳಲ್ಲಿ ಕಿಟಕಿಯ ಮೇಲೆ ಗಾಳಿಕಿಂಡಿ ಬಿಟ್ಟಿರುತ್ತಾರಲ್ಲ, ಎಲ್ಲರೂ ಕಿಟಕಿ ಮುಚ್ಚಿ ಅದನ್ನು ಮರೆಯುತ್ತಾರೆ. ಪಕ್ಕದ ಮನೆಯ ಕಡೆಗಿರುವ ಕಿಂಡಿಗೆ ಪ್ಲೈವುಡ್ ತುಂಡು ಹೊಡೆದು, ಸುತ್ತ ಬಟ್ಟೆ ತುರುಕಿ. ಬಾಗಿಲ ಕೆಳಗಿನ ಸಂದಿಗೆ ಮರಳು ತುಂಬಿದ ಗೋಣಿ. ಗಾಳಿಯ ದಾರಿಯ ಸದ್ದಿಗೆ ಇಷ್ಟು ಸಾಕು. ಅದುರಿಗೆ ಇದ್ಯಾವುದೂ ಮದ್ದಲ್ಲ, ಅದಕ್ಕೆ ಒಡೆಯುವ ವಿಧಾನವನ್ನೇ ಬದಲಿಸಬೇಕು.

ಪ್ರ: ವಿಧಾನ ಬದಲಿಸುವುದು ಎಂದರೆ ಹೇಗೆ? ಸ್ವಲ್ಪ ಬಿಡಿಸಿ ಹೇಳಿ.

ಮೊದಲು ಭಾರವನ್ನು ಗೋಡೆಯಿಂದ ಇಳಿಸಬೇಕು. ಮೇಲೆ ಬರೀ ತಾರಸಿಯಿದ್ದರೆ ಗೋಡೆಯ ಎರಡೂ ಬದಿಗೆ ಕಬ್ಬಿಣದ ಜಾಕಿಗಳನ್ನು (ತಾತ್ಕಾಲಿಕ ಆಸರೆ ಕಂಬಗಳನ್ನು) ಸಾಲಾಗಿ ಕೊಡುತ್ತಾರೆ. ಗೋಡೆಯ ಮೇಲೆ ಮತ್ತೊಂದು ಗೋಡೆ ನಿಂತಿದ್ದರೆ ಗೋಡೆಗೆ ಅಲ್ಲಲ್ಲಿ ತೂತು ಕೊರೆದು, ಕಬ್ಬಿಣದ ಅಡ್ಡತೊಲೆ ತೂರಿಸಿ, ಎರಡು ತುದಿಗೂ ಜಾಕಿ ಕೊಟ್ಟು ಹಿಡಿಯಬೇಕು. ಎಷ್ಟು ದೂರಕ್ಕೊಂದು, ಎಷ್ಟು ದಪ್ಪದ್ದು ಎಂಬುದು ಎಂಜಿನಿಯರ್ ಲೆಕ್ಕ. ಸದ್ದಿನ ಮೊದಲ ಉಳಿತಾಯ ಇಲ್ಲೇ ಇದೆ. ಆ ತೂತುಗಳನ್ನು ಬ್ರೇಕರಿನಲ್ಲಿ ಒಡೆಸಬೇಡಿ, ಕೋರ್ ಕಟಿಂಗ್ ಮಾಡಿಸಿ. ಬಾತ್‌ರೂಮಿನ ಪೈಪಿಗೆ ತೂತು ಕೊರೆಯುವ ನೀರಿನ ಯಂತ್ರವೇ ಅದು. ವಜ್ರದ ಹಲ್ಲು ತಿರುಗಿ ಕೊರೆಯುತ್ತದೆ, ಬಡಿಯುವುದಿಲ್ಲ. ಜಾಕಿಯನ್ನೂ ತಿರುಪು ತಿರುಗಿಸಿ ಬಿಗಿ ಮಾಡಿಸಿ. ಸರ್ವೆ ಮರಕ್ಕೆ ಬೆಣೆ ಹೊಡೆದು ಬಿಗಿ ಮಾಡಿದರೆ ಒಂದೊಂದು ಹೊಡೆತವೂ ನೇರ ತಾರಸಿಗೆ ಹೋಗುತ್ತದೆ.

ಆಮೇಲೆ ಗೋಡೆಯ ಬದಲು ಭಾರ ಹೊರುವ ಹೊಸ ತೊಲೆ ಕೂರಿಸಿ, ಅದು ಭಾರ ಹಿಡಿದ ಮೇಲಷ್ಟೇ ಕೆಳಗಿನ ಗೋಡೆಗೆ ಕೈ ಹಾಕುವುದು. ಈಗ ಎರಡನೇ ಉಳಿತಾಯ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಒಡೆಯುವ ಮೊದಲು ಆ ಭಾಗವನ್ನು ಸುತ್ತಲೂ ಕತ್ತರಿಸಿ ಬಿಡಿಸುವುದು. 14 ಇಂಚಿನ ವಜ್ರದ ಬಿಲ್ಲೆ ಒಂದು ಕಡೆಯಿಂದ ಐದಿಂಚಿನ ಹತ್ತಿರ ಆಳ ಕೊಯ್ಯುತ್ತದೆ. ಗೋಡೆಯ ಎರಡೂ ಬದಿಯಿಂದ ಕೊಯ್ದರೆ ಒಂಬತ್ತು ಇಂಚು ಪೂರ್ತಿ ಬಿಡುತ್ತದೆ. ಪಕ್ಕದ ಗೋಡೆಗೆ ಸೇರುವ ಎರಡೂ ಅಂಚಿನಲ್ಲಿ ಈ ಸೀಳು ಬಿದ್ದರೆ, ಆಮೇಲಿನ ಸುತ್ತಿಗೆ ಪೆಟ್ಟಿಗೆ ಅಕ್ಕಪಕ್ಕ ಹೋಗುವ ದಾರಿಯೇ ತುಂಡಾಯಿತು. ಕೊಯ್ಯುವಾಗ ಕಿರುಚಾಟ ವಿಪರೀತ, ಒಪ್ಪುತ್ತೇನೆ. ಆದರೆ ಅದು ಗಾಳಿಯ ಸದ್ದು, ಕಿಟಕಿ ಮುಚ್ಚಿದರೆ ಅರ್ಧ ಸತ್ತಿತು, ಸ್ವಲ್ಪ ಹೊತ್ತಿನಲ್ಲಿ ಮುಗಿಯಿತು. ದಿನವಿಡೀ ಬಡಿಯುವುದರ ಎದುರು ಇದು ಲಾಭದ ವ್ಯಾಪಾರ.

ಮೂರನೆಯದು, ಮೇಲಿನಿಂದ ಕೆಳಕ್ಕೆ ಒಂದೊಂದೇ ವರಸೆ ಬಿಡಿಸುವುದು. ಬುಡ ಒಡೆದು ಗೋಡೆಯನ್ನು ಒಟ್ಟಿಗೆ ಬೀಳಿಸುವ ಚಾಳಿ ಕೆಲವರಿಗಿದೆ. ಆ 4 ಟನ್ ಒಂದೇ ಸಲಕ್ಕೆ ಬಿದ್ದರೆ ಬೀದಿಯೆಲ್ಲ ಬೆಚ್ಚಿಬೀಳುತ್ತದೆ, ನೆಲ ಸೀಳುತ್ತದೆ, ಜೀವವೂ ಹೋಗಬಹುದು.

ಪ್ರ: ಬ್ರೇಕರ್ ಇಲ್ಲದೆ ಆಗುವುದೇ ಇಲ್ಲವೇ?

ಗೋಡೆ ಯಾವುದರದ್ದು ನೋಡಿ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲೋ ಮಣ್ಣಿನಲ್ಲೋ ಕಟ್ಟಿದ್ದಾರೆ. ಅದಕ್ಕೆ ಬ್ರೇಕರ್ ಯಾಕೆ? ಉಳಿ, ಚಿಕ್ಕ ಸುತ್ತಿಗೆ, ಒಂದು ಸಣ್ಣ ಹಾರೆ ಇದ್ದರೆ ಇಟ್ಟಿಗೆ ಇಡಿಯಾಗಿ ಕಳಚಿ ಬರುತ್ತದೆ, ಮಾರಲೂಬಹುದು. ಸಿಮೆಂಟ್ ಗಾರೆಯ ಇಟ್ಟಿಗೆಗೆ ಶ್ರಮ ಜಾಸ್ತಿ, ಆದರೂ ಕೈಕೆಲಸ ಸಾಧ್ಯ. ಸಾಲಿಡ್ ಕಾಂಕ್ರೀಟ್ ಬ್ಲಾಕ್ ಮಾತ್ರ ಬ್ರೇಕರ್ ಕೇಳುತ್ತದೆ. ಮಂಗಳೂರು ಕಡೆಯ ಮುರಕಲ್ಲಿನ ಗೋಡೆಯನ್ನು ಬಿಲ್ಲೆಯಲ್ಲಿ ಕೊಯ್ದು ತುಂಡುತುಂಡಾಗಿ ತೆಗೆಯುವುದೇ ಸಲೀಸು, ಕಲ್ಲು ಮೆತ್ತಗಿರುತ್ತದೆ.

ಬ್ರೇಕರ್ ಬೇಕೇಬೇಕೆಂದರೆ ಸಣ್ಣದು ತರಿಸಿ. ರಸ್ತೆ ಅಗೆಯುವ ಗಾತ್ರದ ಯಂತ್ರಕ್ಕೆ ಮನೆಯೊಳಗೆ ಏನು ಕೆಲಸ? ಮೊನೆಯನ್ನು ತಾರಸಿಯ ಕಡೆಗೆ ಹಿಡಿಯದೆ ಅಡ್ಡಕ್ಕೆ, ಗಾರೆಯ ಸಂದಿಗೆ ಹಿಡಿಯಲಿ. ಮೊಂಡಾದ ಮೊನೆ ಸದ್ದು ಮಾತ್ರ ಮಾಡುತ್ತದೆ, ಕೆಲಸ ಮಾಡುವುದಿಲ್ಲ, ಬದಲಿಸಿ.

ಪ್ರ: ಗೋಡೆಯ ನಡುವೆ ಹಳೇ ಕಾಂಕ್ರೀಟ್ ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಅಡ್ಡಪಟ್ಟಿ) ಇದೆ. ಅದನ್ನು?

ಭಾರ ಇಳಿಸಿಯಾದ ಮೇಲೆ ಬಿಲ್ಲೆಯಲ್ಲಿ ಎರಡು ಮೂರು ತುಂಡಾಗಿ ಕೊಯ್ದು, ಹಗ್ಗ ಕಟ್ಟಿ ಇಳಿಸಿ. ಒಳಗಿನ ಕಬ್ಬಿಣವನ್ನೂ ಅದೇ ಬಿಲ್ಲೆ ಕತ್ತರಿಸುತ್ತದೆ. ದಪ್ಪ ಕಲ್ಲಿನ ಗೋಡೆಯಾದರೆ ತೂತು ಕೊರೆದು ಉಬ್ಬುವ ಪುಡಿಯನ್ನು ನೀರಿನಲ್ಲಿ ಕಲಸಿ ತುಂಬುವ ವಿಧಾನವೂ ಇದೆ. ರಾತ್ರಿಯೆಲ್ಲ ಸದ್ದಿಲ್ಲದೆ ಉಬ್ಬಿ ಕಲ್ಲನ್ನು ಸೀಳುತ್ತದೆ. ಕೊರೆಯುವ ಸದ್ದು ತಪ್ಪುವುದಿಲ್ಲ, ಒಡೆಯುವ ಸದ್ದು ತಪ್ಪುತ್ತದೆ.

ಪ್ರ: ಎರಡು ಯಂತ್ರ ಒಟ್ಟಿಗೆ ಹಚ್ಚಿದರೆ ಸದ್ದು ಎರಡರಷ್ಟಾಗುವುದಿಲ್ಲವೇ?

ಇಲ್ಲ. ಒಂದೇ ಥರದ ಎರಡು ಯಂತ್ರ ಸೇರಿದರೆ ಏರುವುದು 3 ಡೆಸಿಬಲ್, ಕಿವಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ‘ಎರಡರಷ್ಟು ಜೋರು’ ಎಂದು ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಸದ್ದಿನ ಕೆಲಸಗಳನ್ನೆಲ್ಲ ಒಂದೇ ಹೊತ್ತಿಗೆ ಒಟ್ಟುಮಾಡಿ ಬೇಗ ಮುಗಿಸುವುದು ಎಲ್ಲರಿಗೂ ಒಳ್ಳೆಯದು. ಆದರೆ ಗೋಡೆ ಇನ್ನೂ ಭಾರ ಹೊತ್ತಿರುವಾಗ ಎರಡು ಕಡೆಯಿಂದ ಬಡಿಯುವುದು ಬೇಡ.

ಪ್ರ: ಕಾನೂನಿನ ಪ್ರಕಾರ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಕೆಲಸ ಮಾಡಬಹುದು?

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10 ಹಗಲು, ಉಳಿದದ್ದು ರಾತ್ರಿ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ವಸತಿ ಪ್ರದೇಶದಲ್ಲೂ ನಿಶ್ಶಬ್ದ ವಲಯದಲ್ಲೂ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ರಾತ್ರಿ ನಡೆಸಕೂಡದೆಂದು 2010ರ ತಿದ್ದುಪಡಿ ಸೇರಿಸಿತು.

ಹಗಲಾದರೆ ಏನು ಬೇಕಾದರೂ ಮಾಡಬಹುದು ಎಂದುಕೊಳ್ಳಬೇಡಿ. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚಾದರೆ ಹಗಲಲ್ಲೂ ದೂರು ಕೊಡಬಹುದು. ಮೂರಡಿ ಆಚೆಯ ಮನೆಯವರಿಗೆ ಬ್ರೇಕರ್ ಸದ್ದು ಆ ಗೆರೆಯನ್ನು ಸಲೀಸಾಗಿ ದಾಟುತ್ತದೆ. ನೆರೆಯವರು ತಾಳಿಕೊಂಡಿದ್ದಾರೆಂದರೆ ಅದು ಅವರ ದೊಡ್ಡತನ. ಅಪಾರ್ಟ್‌ಮೆಂಟುಗಳ ಬೈಲಾ ಇನ್ನೂ ಬಿಗಿ, ಮಧ್ಯಾಹ್ನ ಬಿಡುವು, ಭಾನುವಾರ ರಜೆ ಇತ್ಯಾದಿ. ಮೊದಲೇ ಓದಿಕೊಳ್ಳಿ.

ನಾವು ಪಾಲಿಸುವ ಹೊತ್ತು: ಜೋರು ಕೆಲಸ ಹತ್ತರಿಂದ ಒಂದರವರೆಗೆ, ಆಮೇಲೆ ಮೂರೂವರೆಯಿಂದ ಐದೂವರೆ. ಮಾರ್ಚ್, ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆಗೆ ಕೂತ ಮಕ್ಕಳು ಅಕ್ಕಪಕ್ಕದಲ್ಲಿದ್ದರೆ ಕೆಲಸವನ್ನೇ ಮುಂದೂಡಿ. ಆಷಾಢ ಬಿಡಿ, ನೀವು ಹೇಗೂ ಶುರು ಮಾಡುವುದಿಲ್ಲ.

ಪ್ರ: ಫೋನಿನ ಆಪ್‌ನಲ್ಲಿ ಡೆಸಿಬಲ್ ಅಳೆದು ‘ಮಿತಿಯೊಳಗಿದೆ’ ಎಂದು ತೋರಿಸಬಹುದೇ?

ಫೋನಿನ ಮೈಕು ಮಾತಿಗಾಗಿ ಮಾಡಿದ್ದು, ಜೋರು ಸದ್ದಿನಲ್ಲಿ ತಪ್ಪು ತೋರಿಸುತ್ತದೆ. ಕಿಂಡಿ ಮುಚ್ಚುವ ಮೊದಲು ಎಷ್ಟು, ಮುಚ್ಚಿದ ಮೇಲೆ ಎಷ್ಟು ಎಂದು ಹೋಲಿಸಲು ಪರವಾಗಿಲ್ಲ. ಜಗಳದಲ್ಲಿ ಸಾಕ್ಷಿಗೆ ತರಬೇಡಿ.

ಪ್ರ: ಪಕ್ಕದ ಮನೆಯವರಿಗೆ ಹೇಗೆ ಹೇಳುವುದು? ಎಷ್ಟು ಮೊದಲು?

ವಾರಕ್ಕೆ ಮೊದಲು, ಮನೆಗೇ ಹೋಗಿ. ವಾಟ್ಸಾಪ್ ಸಂದೇಶ ಆಮೇಲೆ. “ಆಂಟಿ, ಸ್ವಲ್ಪ ಕೆಲಸ ಇದೆ, ಅಡ್ಜಸ್ಟ್ ಮಾಡ್ಕೊಳ್ಳಿ” ಎಂದರೆ ಏನೂ ಹೇಳಿದಂತಾಗಲಿಲ್ಲ. “ಆಂಟಿ, ಮಂಗಳವಾರ ಬುಧವಾರ ಹತ್ತರಿಂದ ಒಂದು ಗಂಟೆವರೆಗೆ ಜೋರು ಸದ್ದಿರುತ್ತೆ, ಗೋಡೆ ಅದುರಿದ ಹಾಗೆ ಅನಿಸುತ್ತೆ, ಮೇಲೆ ಜಾಕಿ ಕೊಟ್ಟಿದ್ದೀವಿ, ಎಂಜಿನಿಯರ್ ನೋಡಿದಾರೆ, ಅಂಕಲ್ ಮಲಗೋ ಹೊತ್ತು ಯಾವುದು ಹೇಳಿ, ಆಗ ನಿಲ್ಲಿಸ್ತೀವಿ” ಎಂದರೆ ಹೇಳಿದಂತಾಯಿತು. ಮೇಸ್ತ್ರಿಯ ಫೋನ್ ನಂಬರನ್ನೂ ಕೊಡಿ, ಆತ ಫೋನ್ ಎತ್ತುವವನಾಗಿದ್ದರೆ.

ಇದು ಬರೀ ಉಪಚಾರವಲ್ಲ. ಕಟ್ಟಡ ಕೆಲಸದ ಅದುರಿನ ಬಗ್ಗೆ ಬ್ರಿಟನ್ನಿನ ಬಿಎಸ್ 5228 ಎಂಬ ಮಾನದಂಡವಿದೆ. ಸೆಕೆಂಡಿಗೆ 0.3 ಮಿಲಿಮೀಟರ್ ವೇಗದ ಅದುರು ಮನೆಯಲ್ಲಿರುವವರಿಗೆ ಗೊತ್ತಾಗಬಹುದು, 1 ಮಿಲಿಮೀಟರಿಗೆ ದೂರು ಬರುವ ಸಂಭವವಿದೆ, ಆದರೆ ಮೊದಲೇ ತಿಳಿಸಿ ಕಾರಣ ವಿವರಿಸಿದ್ದರೆ ಜನ ಸಹಿಸಿಕೊಳ್ಳುತ್ತಾರೆ ಎಂದು ಅದರಲ್ಲೇ ಬರೆದಿದೆ. ಅಂದರೆ ಬಾಗಿಲು ತಟ್ಟಿ ಹೇಳಿ ಬರುವುದೂ ಎಂಜಿನಿಯರಿಂಗಿನ ಭಾಗವೇ.

ಮೇಲಿನ ಬಾಡಿಗೆಯವರನ್ನು ಮರೆಯಬೇಡಿ. ‘ನಮ್ಮ ಮನೆಯಲ್ಲಿರುವವರು ತಾನೇ’ ಎಂಬ ಉದಾಸೀನವನ್ನು ಎಷ್ಟೋ ಕಡೆ ಕಂಡಿದ್ದೇನೆ. ಅದುರು ಮೊದಲು ಮುಟ್ಟುವುದು ಅವರನ್ನೇ. ಮನೆಯಿಂದ ಆಫೀಸು ಕೆಲಸ ಮಾಡುವವರಾದರೆ ಅವರ ಮೀಟಿಂಗ್ ಹೊತ್ತು ಕೇಳಿಕೊಳ್ಳಿ.

ಪ್ರ: ‘ನಿಮ್ಮಿಂದ ನಮ್ಮ ಗೋಡೆ ಬಿರುಕು ಬಿಟ್ಟಿದೆ’ ಎಂದರೆ?

ಈ ಮಾತು ಬಂದೇ ಬರುತ್ತದೆ. ಮನುಷ್ಯನಿಗೆ ಗೊತ್ತಾಗುವ ಅದುರಿಗೂ ಗಟ್ಟಿಮುಟ್ಟಾದ ಮನೆಗೆ ಹಾನಿ ಮಾಡುವ ಅದುರಿಗೂ ತುಂಬ ಅಂತರವಿದೆ. ಜರ್ಮನಿಯ ಮಾನದಂಡ ಸಾಮಾನ್ಯ ಮನೆಯ ಪಾಯದಲ್ಲಿ ಅಳೆದಾಗ, ನಿಧಾನಗತಿಯ ಕಂಪನಕ್ಕೂ ಸೆಕೆಂಡಿಗೆ 5 ಮಿಲಿಮೀಟರ್‌ವರೆಗೆ ಬಿಡುತ್ತದೆ. ಹಾಗೆಂದು ಹೇಳಿದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಕೆಲಸಕ್ಕೆ ಮೊದಲು ಅವರ ಜೊತೆಯಲ್ಲೇ ಗೋಡೆಗಳ ಫೋಟೊ ತೆಗೆದು, ಎರಡು ಮನೆಯವರ ಫೋನಲ್ಲೂ ಇಟ್ಟುಕೊಳ್ಳಿ. ಮೊದಲೇ ಇರುವ ಬಿರುಕಿನ ಮೇಲೆ ತೆಳ್ಳನೆಯ ಗಾಜಿನ ತುಂಡನ್ನು ಎರಡು ತುದಿಗೂ ಗಾರೆ ಹಚ್ಚಿ ಕೂರಿಸಿ, ತಾರೀಖು ಬರೆಯಿರಿ. ಬಿರುಕು ಹಿಗ್ಗಿದರೆ ಗಾಜು ಒಡೆಯುತ್ತದೆ. ಒಡೆದರೆ ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಸಿ, ವಾದಕ್ಕಿಳಿಯಬೇಡಿ.

ಪ್ರ: ಕೆಲಸದವರು ಜೋರಾಗಿ ಹಾಡು ಹಾಕಿಕೊಳ್ಳುತ್ತಾರೆ. ಬೇಡ ಎನ್ನಲೇ?

ಎನ್ನಿ. ನೆರೆಯವರಿಗಾಗಿ ಅಷ್ಟೇ ಅಲ್ಲ. ಭಾರ ಹೊಸ ತೊಲೆಗೆ ವರ್ಗವಾಗುವ ಹೊತ್ತಿನಲ್ಲಿ ಮನೆ ಸದ್ದು ಮಾಡುತ್ತದೆ: ಮರದ ತುಂಡು ಕರಕರ ಎನ್ನುತ್ತದೆ, ಗಾರೆ ಚಿಟ್ ಎಂದು ಸಿಡಿಯುತ್ತದೆ, ಜಾಕಿ ನರಳುತ್ತದೆ. ಅನುಭವಿ ಮೇಸ್ತ್ರಿ ಹತ್ತು ನಿಮಿಷಕ್ಕೊಮ್ಮೆ ಎಲ್ಲರನ್ನೂ ಸುಮ್ಮನಿರಿಸಿ ಕಿವಿಗೊಡುತ್ತಾನೆ. ಒಂದು ಕೆಲಸದಲ್ಲಿ ಹೀಗೆ ನಿಲ್ಲಿಸಿದಾಗಲೇ ಜಾಕಿಯ ಕೆಳಗಿನ ಹಳೇ ರೆಡ್ ಆಕ್ಸೈಡ್ ನೆಲ ಕುಸಿಯುತ್ತಿರುವ ಸದ್ದು ಕೇಳಿತ್ತು. ಹಾಡು ನಡೆಯುತ್ತಿದ್ದರೆ ಗೊತ್ತಾಗುತ್ತಿರಲಿಲ್ಲ. ಜಾಕಿಯ ಕೆಳಗೆ ಅಗಲವಾದ ಹಲಗೆ ಹಾಕಿ, ಮತ್ತೆ ಬಿಗಿ ಮಾಡಿ ಮುಂದುವರಿದೆವು.

ಪ್ರ: ಒಡೆಯುವವರ ಕಿವಿಯ ಗತಿ?

ಯಾರೂ ಕೇಳದ ಪ್ರಶ್ನೆ. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಕೆಲಸ ಮಾಡಬಹುದೆಂಬುದು ಎಚ್ಚರಿಕೆಯ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧಕ್ಕಿಳಿಯುತ್ತದೆ. ಹಾಗೆ ಇಳಿದು 100 ಡೆಸಿಬಲ್‌ಗೆ ಕಾಲು ಗಂಟೆ. ಮುಚ್ಚಿದ ಕೋಣೆಯಲ್ಲಿ ಕಟ್ಟರ್ ಹಿಡಿದವನ ಕಿವಿಯ ಬಳಿ ಸದ್ದು ಅಷ್ಟಿರುವುದು ಮಾಮೂಲು. ನೀವು ಕಿಟಕಿ, ಕಿಂಡಿ ಮುಚ್ಚಿಸಿದಷ್ಟೂ ಒಳಗಿರುವವರಿಗೆ ಸದ್ದು, ಧೂಳು ಎರಡೂ ಹೆಚ್ಚು. ಕಿವಿಗೆ ಮಫ್, ಮೂಗಿಗೆ ಒಳ್ಳೆಯ ಮಾಸ್ಕ್ ನೀವೇ ತಂದುಕೊಡಿ, ಗುತ್ತಿಗೆದಾರ ತರುತ್ತಾನೆಂದು ಕಾಯಬೇಡಿ. ಹತ್ತಿ ತುರುಕಿಕೊಂಡರೆ ಸಾಲದು.

ಪ್ರ: ನಾವು ಮನೆಯಲ್ಲೇ ಇರಬಹುದೇ?

ಭಾರ ಇಳಿಸುವ ದಿನವೂ ಒಡೆಯುವ ದಿನವೂ ಬೇಡ. ಮಗು, ವಯಸ್ಸಾದವರು, ನಾಯಿ ಇದ್ದರೆ ನೆಂಟರ ಮನೆಗೆ ಕಳಿಸಿ. ಮೀನಿನ ತೊಟ್ಟಿಯನ್ನು ಆ ಗೋಡೆಗೆ ಆನಿಸಿಟ್ಟಿದ್ದರೆ ಸರಿಸಿ.

ಪ್ರ: ಉಕ್ಕಿನ ತೊಲೆಯೋ, ಕಾಂಕ್ರೀಟ್ ಬೀಮೋ? ಯಾವುದು ಕಡಿಮೆ ಸದ್ದು?

ಉಕ್ಕು, ಒಂದು ಷರತ್ತಿನ ಮೇಲೆ: ಅಳತೆ ಕೊಟ್ಟು ಕತ್ತರಿಸುವುದು, ತೂತು ಕೊರೆಯುವುದು, ಬಣ್ಣ ಹಚ್ಚುವುದು ಎಲ್ಲ ವರ್ಕ್‌ಶಾಪಿನಲ್ಲೇ ಮುಗಿಸಿ ತರಬೇಕು. ಮನೆಯ ಮುಂದೆ ಗ್ರೈಂಡರಿನಲ್ಲಿ ತೊಲೆ ಕತ್ತರಿಸಲು ಕೂತರೆ ಇಡೀ ಬೀದಿ ಹೊರಗೆ ಬರುತ್ತದೆ. ಕಾಂಕ್ರೀಟಾದರೆ ಕಂಬಿ ಬಗ್ಗಿಸುವುದು, ಹಲಗೆ ಹೊಡೆಯುವುದು, ಆಮೇಲೆ ಹಲಗೆ ಬಿಚ್ಚುವುದು ಎಂದು ಸದ್ದು ಹಲವು ದಿನಕ್ಕೆ ಹರಡುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ 6 ಮೀಟರ್‌ವರೆಗಿನ ಬೀಮಿಗೆ 14 ದಿನ ಜಾಕಿ ತೆಗೆಯುವಂತಿಲ್ಲ. ಆ ದಿನಗಳು ಶಾಂತವಾಗಿರುತ್ತವೆ ನಿಜ, ಆದರೆ ಹಾಲಿನ ನಡುವೆ ಜಾಕಿಗಳ ಕಾಡಿನಲ್ಲಿ ಬದುಕಬೇಕು.

ಪ್ರ: ಕಲ್ಲುಮಣ್ಣು ಸಾಗಿಸುವಾಗಲೂ ಗಲಾಟೆಯೇ?

ಎಷ್ಟೋ ಸಲ ಗೋಡೆ ಒಡೆದದ್ದಕ್ಕಿಂತ ದೊಡ್ಡ ಜಗಳ ಇಲ್ಲೇ ಆಗುವುದು. ದೊಡ್ಡ ಲಾರಿಗೆ ಹಗಲು ನಿರ್ಬಂಧವಿರುವ ಕಡೆ ರಾತ್ರಿ ಹನ್ನೊಂದಕ್ಕೆ ಬಂದು, ತಗಡಿನ ತೊಟ್ಟಿಗೆ ಇಟ್ಟಿಗೆ ಚೂರು ಧಡಧಡ ಸುರಿಯುತ್ತಾರೆ. ಚಿಕ್ಕ ಗಾಡಿಯನ್ನು ಹಗಲಲ್ಲೇ ಕರೆಸಿ, ಎರಡು ಮೂರು ಟ್ರಿಪ್ಪಾದರೂ ಸರಿ. ಒಡೆದದ್ದನ್ನು ಅಲ್ಲೇ ಸಿಮೆಂಟ್ ಚೀಲಕ್ಕೆ ತುಂಬಿ ಕಟ್ಟಿದರೆ ಸುರಿಯುವ ಸದ್ದೇ ಇಲ್ಲ, ಧೂಳೂ ಇಲ್ಲ. ಗಾಡಿಯ ತಳಕ್ಕೆ ಮೊದಲು ಗೋಣಿ ಹಾಸಿ. ಮಹಡಿಯಿಂದ ಕೆಳಕ್ಕೆ ಎಸೆಯಲು ಬಿಡಬೇಡಿ.

ಪ್ರ: ರಾತ್ರಿ ಯಂತ್ರ ಬೇಡ, ಕೈಸುತ್ತಿಗೆಯಲ್ಲಿ ಮೆಲ್ಲಗೆ ಮಾಡಿದರೆ?

ಬೇಡ. ಬೀದಿ ನಿಶ್ಶಬ್ದವಾಗಿದ್ದಾಗ ಸಣ್ಣ ಟಕ್ ಟಕ್ ಕೂಡ ಗೋಡೆ ಹಿಡಿದು ಮಲಗಿದವರ ದಿಂಬಿಗೇ ಹೋಗುತ್ತದೆ. ದಣಿದ ಕೆಲಸದವರು, ಮಂದ ಬೆಳಕು, ಮೇಲೆ ಭಾರ. ಇವು ಮೂರೂ ಒಟ್ಟಿಗೆ ಇರಬಾರದು.

ಪ್ರ: ಗೋಡೆ ಹೋಯಿತು, ಹಾಲು ಅಗಲವಾಯಿತು. ಈಗ ಮಿಕ್ಸಿ ಹಾಕಿದರೆ ಟಿವಿ ಕೇಳುವುದಿಲ್ಲ!

ಅಡುಗೆಮನೆಯ ಸದ್ದನ್ನು ಇಷ್ಟು ವರ್ಷ ಹಿಡಿದಿಟ್ಟಿದ್ದೂ ಆ 4 ಟನ್ ಗೋಡೆಯೇ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್, ಗಾಜು ತುಂಬಿದ ಹಾಲಿನಲ್ಲಿ ಸದ್ದು ತಿರುಗಿ ತಿರುಗಿ ಬಡಿಯುತ್ತದೆ. ದಪ್ಪ ಬಟ್ಟೆಯ ಪರದೆ, ಜಮಖಾನೆ, ಬಟ್ಟೆ ಹೊದಿಸಿದ ಸೋಫಾ, ಪುಸ್ತಕ ತುಂಬಿದ ಕಪಾಟು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಮಿಕ್ಸಿಯ ಕೆಳಗೆ ಮೆತ್ತನೆಯ ರಬ್ಬರ್ ಹಾಳೆ ಹಾಕಿದರೆ ಗ್ರಾನೈಟ್ ಕಟ್ಟೆ ಗುಂಯ್‌ಗುಡುವುದು ತಗ್ಗುತ್ತದೆ. ಗೋಡೆ ಪೂರ್ತಿ ತೆಗೆಯುವ ಮೊದಲೇ ನಮ್ಮ ಹತ್ತಿರ ಬಂದವರಿಗಾದರೆ, ಮಿಕ್ಸಿ, ಗ್ರೈಂಡರ್ ಇಡುವ ಮೂಲೆಯಲ್ಲಿ ನಾಲ್ಕಡಿ ಗೋಡೆ ಹಾಗೇ ಬಿಡಿ ಎನ್ನುತ್ತೇವೆ. ತೊಲೆ ಅಷ್ಟು ಗಿಡ್ಡವಾಗುತ್ತದೆ, ಒಡೆಯುವುದೂ ಅಷ್ಟು ಕಡಿಮೆ.